ನಮ್ಮ ತಲೆ ಮೇಲಿನ ಹತ್ತು ಸಾವಿರ

ರಾತ್ರಿ ಹನ್ನೊಂದೂವರೆ. ಪುಣೆಯ ಕೋಥ್ರೂಡ್‌ನ ನಮ್ಮ ಗಲ್ಲಿಯಲ್ಲಿ ನಾಯಿಗಳೂ ಮಲಗಿವೆ. ಮೇಲಿನ ಮನೆಯಲ್ಲಿ ಮಾತ್ರ ದಡ್ ದಡ್ ದಡ್. ಹಾಲ್‌ನಿಂದ ಅಡುಗೆಮನೆ, ಅಡುಗೆಮನೆಯಿಂದ ಹಾಲ್. ತಡೆಯಲಾಗದೆ ಹೋಗಿ ಬೆಲ್ ಒತ್ತಿದೆ. ಬಾಡಿಗೆಗಿರುವ ಇಂಜಿನಿಯರಿಂಗ್ ಹುಡುಗ, ನಮ್ಮ ಧಾರವಾಡದ ಕಡೆಯವನೇ. "ಸಾರಿ ಕಾಕಾ, ದಿನಾ ಹತ್ತು ಸಾವಿರ ಹೆಜ್ಜಿ ಆಗ್ಬೇಕು, ಇನ್ನ ಎಂಟುನೂರು ಉಳದಾವ್ರೀ. ಹನ್ನೆರಡಾದ್ರ ಎಲ್ಲಾ ಝೀರೋ ಆಗ್ತದ" ಎಂದು ಹೆಜ್ಜೆ ಎಣಿಸುವ ಕೈಯ ವಾಚ್ ತೋರಿಸಿದ.

ಇದೇ ಮಹಾಶಯ ಮೂಲೆ ಅಂಗಡಿಯಿಂದ ಹಾಲು ತರಲು ಸ್ಕೂಟಿ ತೆಗೆಯುತ್ತಾನೆ. ಮೂರನೇ ಮಹಡಿಗೆ ಲಿಫ್ಟ್. ವೇತಾಳ ಟೇಕಡಿ ಗುಡ್ಡ ಇಷ್ಟು ಹತ್ತಿರ ಇದೆ, ಒಂದು ದಿನವೂ ಅಲ್ಲಿ ಇವನ ಮುಖ ಕಂಡಿಲ್ಲ. ನಡೆಯುವುದು ಮಾತ್ರ ನನ್ನ ತಲೆ ಮೇಲೆ!

ಈ ಹತ್ತು ಸಾವಿರವನ್ನು ಯಾವ ಡಾಕ್ಟರ್ ಹೇಳಿದ್ದು? ಯಾರೂ ಅಲ್ಲ. 1965ರ ಸುಮಾರಿಗೆ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಿತು. ಮಾರಲು ಒಂದು ರೌಂಡ್ ಫಿಗರ್ ಬೇಕಿತ್ತು, ಅಷ್ಟೇ. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಸುಮಾರು 7,500 ಹೆಜ್ಜೆ ದಾಟಿದ ಮೇಲೆ ಸಾವಿನ ಅಪಾಯ ಇನ್ನೂ ಇಳಿದದ್ದು ಕಾಣಲಿಲ್ಲ. ಹುಡುಗರ ಲೆಕ್ಕ ಬೇರೆ ಇರಬಹುದು. ಆದರೂ ನಡುರಾತ್ರಿಯ ಆ ಎಂಟುನೂರು ಯಾರ ಉದ್ಧಾರಕ್ಕೆ?

ಅಂದಹಾಗೆ, ಆ ವಾಚ್‌ಗೆ ಕಾಲು ಕಾಣುವುದೇ ಇಲ್ಲ. ಅದು ನೋಡುವುದು ಕೈಯ ಅಲುಗಾಟ. ಟ್ರಾಲಿ ತಳ್ಳುತ್ತಾ ನಡೆದರೆ ಎಷ್ಟೋ ಹೆಜ್ಜೆ ತಪ್ಪಿಹೋಗುತ್ತವೆ. ಕೂತಲ್ಲೇ ಕೈ ಬೀಸಿದರೆ ಒಂದಷ್ಟು ಸೇರುತ್ತವೆ. ಹಾಸ್ಟೆಲ್ ಹುಡುಗರಿಗೆ ಈ ಗುಟ್ಟು ಹೇಳಿಕೊಡಬೇಕಾಗಿಲ್ಲ. ಅಮೆರಿಕದ ಓರಲ್ ರಾಬರ್ಟ್ಸ್ ವಿಶ್ವವಿದ್ಯಾಲಯ ಹೊಸ ವಿದ್ಯಾರ್ಥಿಗಳಿಗೆ ಫಿಟ್‌ಬಿಟ್ ಎಂಬ ಇಂಥದೇ ವಾಚ್ ಕಡ್ಡಾಯ ಮಾಡಿ, ಹೆಜ್ಜೆಗೂ ಮಾರ್ಕ್ಸ್ ಇಟ್ಟಿತ್ತು. ದಯವಿಟ್ಟು ಪುಣೆಯ ಕಾಲೇಜುಗಳಿಗೆ ಯಾರೂ ಹೇಳಬೇಡಿ.

"ಹೋಗ್ಲಿ ಬಿಡ್ರಿ, ವಾಚ್ ಇಲ್ಲಾಂದ್ರ ಅಷ್ಟೂ ನಡೀತಿದ್ದಿಲ್ಲ ಅಂವ" ಎಂದಳು ನನ್ನ ಹೆಂಡತಿ. ಇವಳು ಯಾವತ್ತು ನನ್ನ ಪಕ್ಷ ಹಿಡಿದಿದ್ದಾಳೆ? ಸರಿ, 2016ರಲ್ಲಿ ಹೊರಬಂದ ಒಂದು ಅಮೆರಿಕನ್ ಪ್ರಯೋಗ ಕೇಳಿ. ತೂಕ ಇಳಿಸಲು ಬಂದ 18ರಿಂದ 35 ವರ್ಷದವರು. ಎಲ್ಲರಿಗೂ ಊಟ, ವ್ಯಾಯಾಮದ ಸಲಹೆ ಕೊಟ್ಟರು. ಅರ್ಧ ಜನರಿಗೆ ತೋಳಿಗೊಂದು ಯಂತ್ರವನ್ನೂ ಕೊಟ್ಟರು. ಎರಡು ವರ್ಷದ ಕೊನೆಗೆ ಯಂತ್ರದವರು ಸರಾಸರಿ 3.5 ಕೆಜಿ ಇಳಿದಿದ್ದರು, ಯಂತ್ರ ಇಲ್ಲದವರು 5.9 ಕೆಜಿ! ಇದನ್ನು ಓದಿ ಹೇಳಿದೆ. ಅವಳು ಆಗಲೇ ಮಲಗಿದ್ದಳು.

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಇದೆ, ಹೇಳಿಬಿಡುತ್ತೇನೆ. ಬೆಂಗಳೂರಿನ ಮಗ ಹೋದ ದೀಪಾವಳಿಗೆ ನನಗೂ ಒಂದು ವಾಚ್ ಕಟ್ಟಿ ಹೋಗಿದ್ದಾನೆ. ನನ್ನ ಹೆಜ್ಜೆ ಅವನ ಮೊಬೈಲ್‌ನಲ್ಲಿ ಕಾಣುತ್ತವಂತೆ. ಮೊದಲು ಸಂಜೆ ಫೋನ್ ಮಾಡುತ್ತಿದ್ದ. ಈಗ "ಅಪ್ಪಾ, ಇವತ್ತು ಕಡಿಮೆ ಆಯ್ತು" ಅಂತ ಮೆಸೇಜ್, ಮುಂದೆ ಒಂದು ಬೆರಳಿನ ಚಿತ್ರ. ಊಟ ಆಯ್ತಾ ಅಂತ ಕೇಳುವ ವಾಚ್ ಇನ್ನೂ ಬಂದಿಲ್ಲ ಅನ್ಸತ್ತೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಟೇಕಡಿ ಹತ್ತುತ್ತೇನೆ. ಬರುವವರು ಕಾಮೆಂಟ್ ಹಾಕಿ. ವಾಚ್ ಕಟ್ಟಿಕೊಂಡು ಬಂದರೂ ಪರವಾಗಿಲ್ಲ. ಎಷ್ಟಾಯ್ತು ಅಂತ ದಾರಿಯಲ್ಲಿ ಹೇಳಿದವರು ಎಲ್ಲರಿಗೂ ಮಿಸಳ್ ಕೊಡಿಸಬೇಕು.