ಡಿಗ್ರಿಗೆ ಮಾಯಿಶ್ಚರ್ ಎಷ್ಟು?

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರುವುದನ್ನು ನೋಡಿದ್ದೀರಾ? ಖರೀದಿದಾರ ಒಂದು ಹಿಡಿ ಕಾಳು ತೆಗೆದು ಮೀಟರ್‌ಗೆ ಹಾಕುತ್ತಾನೆ. ಮಾಯಿಶ್ಚರ್, ಅಂದರೆ ಕಾಳಿನ ತೇವ, ಶೇ 14ಕ್ಕಿಂತ ಜಾಸ್ತಿ ಬಂತೋ, ಮುಖ ಹುಳ್ಳಗೆ ಮಾಡಿ ರೇಟು ಇಳಿಸುತ್ತಾನೆ. ರೈತ ಸುಮ್ನೆ ನಿಂತಿರುತ್ತಾನೆ.

2022ರಲ್ಲಿ ನಮ್ಮ ಅಕ್ಕನ ಮನೆಯ ಪಡಸಾಲೆಯಲ್ಲೂ ಇದೇ ವ್ಯವಹಾರ ನಡೆಯಿತು. ಇಲ್ಲಿ ಮಾಲು ಅಂದರೆ ಅಕ್ಕನ ಮಗಳು. ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಎರಡನೇ ಸಲವೂ ಸೀಟು ಸಿಕ್ಕಿರಲಿಲ್ಲ. ಬಾಟನಿ, ಜುವಾಲಜಿ ತಗೊಂಡು ಬಿಎಸ್ಸಿ ಮಾಡ್ತೀನಿ ಅಂದಳು. ಮೀಟರ್ ಹಿಡಿದು ಕೂತವರು ದೊಡ್ಡಮಾವ. ಹದಿನೈದು ಎಕರೆ ಮೆಕ್ಕೆಜೋಳ, ಊರಿನ ಎಲ್ಲ ವಿಷಯದಲ್ಲೂ ಕೊನೆಯ ಮಾತು ಅವರದ್ದೇ.

‘ಬಯಾಲಜಿ ಓದಿದ್ರೆ ಏನ್ ಬರ್ತತಿ?’

ಅದರ ಹಿಂದಿನ ವರ್ಷ ಇದೇ ಮಾವ ಇದೇ ಬಯಾಲಜಿಗೆ ಕೈ ಮುಗಿಯುತ್ತಿದ್ದರು. ನೀಟ್‌ನ 720 ಅಂಕಗಳಲ್ಲಿ 360 ಬಯಾಲಜಿಯದ್ದು, ಅಂದರೆ ಸರಿಯಾಗಿ ಅರ್ಧ. ಹಾಗಾಗಿ ಹುಡುಗಿ ಕೈಯಲ್ಲಿ ಆ ಪುಸ್ತಕ ಇದ್ದಷ್ಟು ಹೊತ್ತು ಮನೆಯಲ್ಲಿ ಟಿವಿ ಬಂದ್, ಮಿಕ್ಸಿ ಬಂದ್. ಆಯುಧಪೂಜೆಯಲ್ಲಿ ಟ್ರ್ಯಾಕ್ಟರ್ ಪಕ್ಕ ಅದಕ್ಕೂ ಕುಂಕುಮ ಬಿತ್ತು. ಲಾಂಗ್ ಟರ್ಮ್ ಕೋಚಿಂಗ್‌ಗೆ ಒಂದೂವರೆ ಲಕ್ಷ ಕಟ್ಟಿದರು. 2025-26ರ ಬೆಂಬಲ ಬೆಲೆ 2,400ರ ಲೆಕ್ಕದಲ್ಲಿ ಅರವತ್ತೆರಡೂವರೆ ಕ್ವಿಂಟಲ್ ಮೆಕ್ಕೆಜೋಳ. (ಆ ಬೆಲೆಗೆ ಕೊಳ್ಳುವವರನ್ನು ಹುಡುಕುವುದು ಬೇರೆ ಕಥೆ.) ಆಗ ಯಾರೂ ‘ಏನ್ ಬರ್ತತಿ’ ಅಂತ ಕೇಳಲಿಲ್ಲ. ರಿಸಲ್ಟ್ ಬಂತು. ಕುಂಕುಮದ ಕಲೆ ಸಮೇತ ಪುಸ್ತಕ ಗುಜರಿಗೆ ಹೋಯಿತು. ಸರ್ಕಾರಿ ಕಾಲೇಜಿನ ಕೆಲವು ಸಾವಿರ ರೂಪಾಯಿ ಫೀಸು ಮಾತ್ರ ‘ದಂಡ’ದ ಬಾಬತ್ತಿಗೆ ಬಿತ್ತು.

ಎರಡು ಮೆಡಿಕಲ್ ಕಾಲೇಜು ಇರುವ ಊರು ನಮ್ಮದು. ಇಲ್ಲಿ ಬಯಾಲಜಿ ಅಂದರೆ ಆ ಗೇಟಿನ ಒಳಗೆ ಹೋಗುವ ಪಾಸು, ಅಷ್ಟೇ. ಸಿನಿಮಾ ನೋಡಲಿಲ್ಲ ಅಂದ್ಮೇಲೆ ಟಿಕೆಟ್ ಯಾಕೆ ಇಟ್ಕೋತೀಯ ಅಂತ ಕೇಳಿದ ಹಾಗೆ.

ಸೇರಿದ ಮೇಲೆ ಅಕ್ಕಪಕ್ಕದವರ ಸರದಿ.

‘ಏನ್ ಓದ್ತಿದ್ದೀಯಮ್ಮ?’

‘ಬಿಎಸ್ಸಿ.’

‘ನರ್ಸಿಂಗಾ?’

‘ಅಲ್ಲ.’

‘ಅಗ್ರಿನಾ?’

‘ಅಲ್ಲ ಆಂಟಿ.’

‘ಓ... ಬರೀ ಬಿಎಸ್ಸಿ.’

ಆ ‘ಬರೀ’ ಅನ್ನುವಾಗ ತುಟಿ ಹೇಗೆ ಕೆಳಗಾಗುತ್ತದೆ ಅಂತ ನೋಡಬೇಕು. ಬೆಣ್ಣೆ ದೋಸೆ ಊರಿನಲ್ಲಿ ಯಾರಾದರೂ ಬೆಣ್ಣೆ ಬೇಡ ಅಂದರೆ ಹೋಟೆಲಿನವರು ನೋಡುತ್ತಾರಲ್ಲ, ಹಾಗೆ.

ಡಿಗ್ರಿಯದ್ದೂ ಒಂದು ತಮಾಷೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ಅದಕ್ಕೆ ನಾಲ್ಕನೇ ವರ್ಷ ಹುಟ್ಟಿತು. 2024ರಲ್ಲಿ ರಾಜ್ಯ ಸರ್ಕಾರದವರು ಮತ್ತೆ ಮೂರೇ ಸಾಕು ಅಂದರು. ಗೊದಮೊಟ್ಟೆಯ ಬಾಲದ ಹಾಗೆ ಕರಗಿಹೋಯಿತು. ಗೊದಮೊಟ್ಟೆಗಾದರೂ ಮುಂದೆ ಕಪ್ಪೆ ಆಗುವ ಗ್ಯಾರಂಟಿ ಇದೆ. ಇವಳಿಗೆ? ಬಿಎಸ್ಸಿ ಮೂರು, ತೋಳಹುಣಸೆಯ ಯೂನಿವರ್ಸಿಟಿಯಲ್ಲಿ ಎಂಎಸ್ಸಿ ಎರಡು, ಬಿಎಡ್ ಎರಡು. ಒಟ್ಟು ಏಳು ವರ್ಷ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿಯೂ ಐದೂವರೆ ವರ್ಷಕ್ಕೆ ಮುಗಿಯುತ್ತದೆ. ಡಾಕ್ಟರ್ ಆಗದೇ ಇರುವುದಕ್ಕೆ ಒಂದೂವರೆ ವರ್ಷ ಜಾಸ್ತಿ ಓದಬೇಕು! ಅಷ್ಟಾದ ಮೇಲೂ ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ನಮ್ಮಲ್ಲಿ ಅತಿಥಿಗೆ ಕಾಫಿ ಕೊಟ್ಟು ‘ಯಾವಾಗ ಹೊರಡ್ತೀರಿ’ ಅಂತ ಕೇಳುವುದಿಲ್ಲ. ಕಾಲೇಜಿನಲ್ಲಿ ಕಾಫಿಯೂ ಇಲ್ಲ, ಪಾಠ ಮುಗಿದ ದಿನ ಹೊರಡಬೇಕು.

ಅವಳು ಎರಡನೇ ವರ್ಷದಲ್ಲಿದ್ದಾಗ ಮಾವನ ಹೊಲಕ್ಕೆ ಹೋಗಿದ್ದೆವು. ಪೈರಿನ ಸುಳಿಯಲ್ಲಿ ತೂತು, ಒಳಗೆ ಮರದ ಪುಡಿಯಂಥ ಹಿಕ್ಕೆ. ಹುಡುಗಿ ಸುಳಿ ಬಿಡಿಸಿ ಒಂದು ಹುಳು ತೆಗೆದು ಅಂಗೈ ಮೇಲೆ ಇಟ್ಟುಕೊಂಡಳು. ‘ನೋಡಿ ಮಾವ, ತಲೆ ಮೇಲೆ ಉಲ್ಟಾ ವೈ ಇದೆ. ಬಾಲದ ಹತ್ತಿರ ನಾಲ್ಕು ಚುಕ್ಕೆ, ಚೌಕಾಬಾರ ಮನೆ ಥರ. ಇದು ಫಾಲ್ ಆರ್ಮಿವರ್ಮ್, ಸೈನಿಕ ಹುಳು. ಅಮೆರಿಕದ್ದು. 2018ರಲ್ಲಿ ನಮ್ಮ ದೇಶಕ್ಕೆ ಬಂದಾಗ ಮೊದಲು ಗುರುತಿಸಿದ್ದೇ ಪಕ್ಕದ ಶಿವಮೊಗ್ಗದಲ್ಲಿ. ಮರಿ ಇದ್ದಾಗಲೇ ಹೊಡೀಬೇಕು, ಬಲಿತು ಸುಳಿ ಒಳಗೆ ಕೂತ್ರೆ ಔಷಧಿ ತಲುಪಲ್ಲ.’

ಮಾವ ಹುಳ ನೋಡಲಿಲ್ಲ, ಅವಳನ್ನು ನೋಡಿದರು. ‘ಅಂಗಡಿಯವನಿಗೆ ಕೇಳಾನ ಬಿಡು.’

ಅಂಗಡಿಯವನು ಹುಳವನ್ನೂ ನೋಡಲಿಲ್ಲ, ಹೊಲವನ್ನೂ ನೋಡಲಿಲ್ಲ. ಮೂರು ಬಾಟಲಿ ಕೊಟ್ಟ. ಮಾವ ಮೂರನ್ನೂ ಒಂದೇ ಟ್ಯಾಂಕಿಗೆ ಸುರಿದು ಹೊಡೆದರು. ಹುಳುಗಳು ಸುಳಿಯೊಳಗೆ ಬೆಚ್ಚಗೆ ಕೂತು ಊಟ ಮುಗಿಸಿದವು.

ಆ ಅಂಗಡಿಯ ಲಾಭ ಮಾವನ ಕಣ್ಣಿಗೆ ಬಿದ್ದಿತ್ತು ಅಂತ ಕಾಣುತ್ತದೆ. ಮೊನ್ನೆ ಹಬ್ಬಕ್ಕೆ ಬಂದಾಗ ಕೈಯಲ್ಲಿ ಒಂದು ಕಿಲೋ ಮೈಸೂರು ಪಾಕು. ಗೊಬ್ಬರ, ಕೀಟನಾಶಕದ ಅಂಗಡಿ ಹಾಕಬೇಕಂತೆ. ಮಳಿಗೆ ಸಿಕ್ಕಿದೆ, ದುಡ್ಡೂ ಇದೆ. ಆದರೆ ಕೀಟನಾಶಕ ಮಾರುವ ಲೈಸೆನ್ಸ್‌ಗೆ ಕೃಷಿಯಲ್ಲಿ ಡಿಗ್ರಿಯೋ ಡಿಪ್ಲೊಮಾವೋ, ಬಾಟನಿ ಜುವಾಲಜಿಯಂಥ ವಿಷಯ ಓದಿದ ಬಿಎಸ್ಸಿಯೋ ಇರಬೇಕು ಅಂತ ರೂಲ್ಸ್ ಇದೆಯಲ್ಲ! ಮಾವ ಪಡಸಾಲೆಯ ಅದೇ ಕುರ್ಚಿಯಲ್ಲಿ ಕೂತು, ದನಿ ಮೆತ್ತಗೆ ಮಾಡಿ ಕೇಳಿದರು.

‘ನಿನ್ನ ಸರ್ಟಿಫಿಕೇಟ್ ಎಲ್ಲೈತಿ ಪುಟ್ಟಿ? ನೀನೇನು ಬರೋದು ಬ್ಯಾಡ. ಫ್ರೇಮ್ ಹಾಕ್ಸಿ ಗ್ವಾಡಿಗೆ ತೂಗ್ಹಾಕಿದ್ರೆ ಸಾಕು. ತಿಂಗಳಿಗಿಷ್ಟು ಅಂತ ಕೊಡಾನ.’

ಹುಡುಗಿ ಒಳಗೆ ಹೋಗಿ ಸರ್ಟಿಫಿಕೇಟ್ ತಂದಳು. ಕೊಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಎದುರಿಗೆ ಕೂತಳು.

‘ಮಾಯಿಶ್ಚರ್‌ಗೆ ಎಷ್ಟು ಕಟ್ ಮಾಡ್ತೀರಿ ಮಾವ?’