ಗಾಳಿ ಬಂದಾಗ ತೂರಿಕೊ, ವೀಸಾ ಬಂದಾಗ ಹೊರಡು

ನಾನು ಹಿರಿಯೂರು ಕಡೆಯವನು. ನಮ್ಮ ಕಡೆ ಸಾಗರ ಅಂದ್ರೆ ವಾಣಿ ವಿಲಾಸ ಸಾಗರ. ಹೆಸರಿಗೆ ಸಾಗರ, ನೋಡಿದರೆ ವೇದಾವತಿಗೆ ಕಟ್ಟಿದ ಅಣೆಕಟ್ಟು. ಊರವರು ಮಾರಿಕಣಿವೆ ಅಂತಾರೆ. 1907ರಲ್ಲಿ ಕಟ್ಟಿ ಮುಗಿಸಿದ್ದು, 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ನಮ್ಮ ಮನೆಯ ಮೂರು ತಲೆಮಾರು ಡ್ಯಾಮಿನ ನೀರಿನ ಮಟ್ಟ ಕೇಳಿ ನಿಟ್ಟುಸಿರು ಬಿಟ್ಟಿದೆ. ಅಂಥ ಊರಿನವನು ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಕೆಲಸಕ್ಕೆ ಬಂದು, ಆಫೀಸಿನ ಸಹೋದ್ಯೋಗಿಯ ಜೊತೆ ಅರ್ಧ ಪಾಲಿಗೆ ಹಳೆಯ ಹಾಯಿದೋಣಿ ಕೊಂಡೆ. ಎಲ್ಲರೂ ಸಾಹಸ ಅಂದರು. ನೀರು ಕಂಡರೆ ಬಿಡದ ಬರಗಾಲದ ಬುದ್ಧಿ ಅದು, ಅಷ್ಟೇ.

ದೋಣಿ 26 ಅಡಿ ಉದ್ದ, 1970ರ ದಶಕದ್ದು. ತಳದಲ್ಲಿ ಒಂದರ ಬದಲು ಎರಡು ಕೀಲ್ ಇವೆ, ಅಂದರೆ ದೋಣಿಯ ಅಡಿಗೆ ಚಾಚಿದ ಭಾರದ ಹಲಗೆಗಳು. ನೀರು ಇಳಿದು ಹೋದರೂ ಮಗುಚದೆ, ಕೆಸರಿನಲ್ಲಿ ಎಮ್ಮೆ ನಿಂತ ಹಾಗೆ ನಿಂತುಕೊಳ್ಳುತ್ತದೆ. ಒಳಗೆ ನಾನೂ ನಿಲ್ಲಬಹುದು, ತಲೆ ಬಗ್ಗಿಸಿದರೆ. ಪಾಲುದಾರ ಅರವತ್ತರ ಹತ್ತಿರದ ಇಂಗ್ಲಿಷ್ ಮನುಷ್ಯ, ನಮ್ಮ ಸ್ಕಿಪರ್. ನನ್ನ ಹೆಂಡತಿ ಲೆಕ್ಕಪತ್ರದ ಕೆಲಸದವಳು. ಉಳಿದವನು ನಾನು. ಹಗ್ಗ ಹಿಡಿ ಅಂದರೆ ಹಿಡಿಯುತ್ತೇನೆ, ಬಿಡು ಅಂದರೆ ಬಿಡುತ್ತೇನೆ. ಕೆಲವು ಸಲ ಉಲ್ಟಾ ಆಗುತ್ತದೆ.

ಎರಡು ವರ್ಷ ಮನೆ ಹತ್ತಿರದ ನೀರಲ್ಲೇ ಸುತ್ತಿ ಸಾಕಾಗಿ, ಈ ಬೇಸಿಗೆ ಪೂರ್ತಿ ಪರದೇಶದ ತೀರದಲ್ಲಿ ಕಳೆಯೋಣ ಅಂತ ಜನವರಿಯಲ್ಲಿ ತೀರ್ಮಾನವಾಯಿತು. ಊಟದ ಮೇಜಿನ ಮೇಲೆ ಚಾರ್ಟ್, ಅಂದರೆ ಸಮುದ್ರದ ನಕ್ಷೆ, ಹರಡಿದೆವು. ಮೂಲೆಗಳು ಸುರುಳಿ ಸುತ್ತದಂತೆ ಒಂದು ಕಡೆ ಉಪ್ಪಿನಕಾಯಿ ಜಾಡಿ, ಇನ್ನೊಂದು ಕಡೆ ಚಟ್ನಿಪುಡಿ ಡಬ್ಬ. ಮೊದಲು ನೀಡಲ್ಸ್ ಬಂಡೆ ದಾಟಿ, ಇಂಗ್ಲಿಷ್ ಕಾಲುವೆ ಹಾದು ಫ್ರಾನ್ಸಿನ ಶೆರ್ಬೂರ್. ಅಲ್ಲಿಂದ ಆಲ್ಡರ್ನಿ, ಗರ್ನ್‌ಸಿ, ಜರ್ಸಿ ದ್ವೀಪಗಳು. ಮತ್ತೆ ಫ್ರಾನ್ಸಿಗೆ, ಸೇಂಟ್ ಮಾಲೋ ಊರಿಗೆ. ಆಮೇಲೆ ಬ್ರಿಟನಿ ತೀರ ಹಿಡಿದು ಸೆಪ್ಟೆಂಬರ್‌ವರೆಗೆ ಅಡ್ಡಾಡುವುದು. ಬೆರಳಲ್ಲಿ ತೋರಿಸುವಾಗ ಎಷ್ಟು ಸಲೀಸು! ನೀಡಲ್ಸ್‌ನಿಂದ ಶೆರ್ಬೂರ್‌ಗೆ ಸುಮಾರು 60 ನಾಟಿಕಲ್ ಮೈಲಿ, ಅಂದರೆ 110 ಕಿಲೋಮೀಟರ್. ಹೆಚ್ಚು ಕಡಿಮೆ ಹಿರಿಯೂರಿಂದ ದಾವಣಗೆರೆ. ಬಸ್ಸಿಗೆ ಎರಡು ಗಂಟೆ. ನಮ್ಮ ದೋಣಿಗೆ, ಗಾಳಿ ಮನಸ್ಸು ಮಾಡಿದರೆ, ಹನ್ನೆರಡು ಗಂಟೆ.

ಭಾನುವಾರ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. "ಈ ಸಲ ದೋಣೀಲಿ ಜರ್ಸಿಗೆ ಹೋಗ್ತೀವಿ ಅಮ್ಮ."

"ಹಸು ತರೋಕಾ?"

ನಗಬೇಡಿ. ನಮ್ಮ ಹಟ್ಟಿಯಲ್ಲಿ ಎರಡು ಜರ್ಸಿ ಹಸು ಇದ್ದವು. ಜರ್ಸಿ ಅನ್ನುವುದೊಂದು ಜಾಗ ಅಂತ ನನಗೂ ಬಹಳ ವರ್ಷ ಗೊತ್ತಿರಲಿಲ್ಲ. ಆ ಹಸುವಿನ ಮೂಲ ಇದೇ ಪುಟ್ಟ ದ್ವೀಪ. ತಳಿ ಕೆಡಬಾರದು ಅಂತ 1789ರಲ್ಲೇ ಹೊರಗಿನ ದನ ತರುವುದನ್ನು ಇವರು ನಿಷೇಧಿಸಿದ್ದರು. ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. "ಹಂಗಾರೆ ಅಲ್ಲಿ ಮೊಸರು ಚೆನ್ನಾಗಿರುತ್ತೆ ಕಣೋ" ಅಂದಳು. ನಮ್ಮ ಇಡೀ ಯೋಜನೆಯಲ್ಲಿ ಜನವರಿಯಿಂದ ಕೊನೆವರೆಗೆ ಬದಲಾಗದೆ ಉಳಿದದ್ದು ಅದೊಂದೇ ಮಾತು.

ಇಂಗ್ಲಿಷ್ ಕಾಲುವೆ ದಾಟುವುದಕ್ಕಿಂತ ತಲೆನೋವು ಆ ಕಡೆ ದಡದಲ್ಲಿದೆ. ಸೇಂಟ್ ಮಾಲೋದಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರು 12 ಮೀಟರಿನಷ್ಟು ಏರಿ ಇಳಿಯುತ್ತದೆ. ನಾಲ್ಕು ಅಂತಸ್ತಿನ ಕಟ್ಟಡದಷ್ಟು. ಅದೂ ದಿನಕ್ಕೆ ಎರಡು ಸಲ. ಅಪ್ಪನಿಗೆ ಇದನ್ನು ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ ಕೇಳಿದರು: "ಅಷ್ಟೂ ನೀರು ಯಾವ ನಾಲೆಗೆ ಬಿಡ್ತಾರೆ?"

ಈ ಏರಿಳಿತಕ್ಕೆ ಒಂದು ಲೆಕ್ಕವಿದೆ. ಆರು ಗಂಟೆಯಲ್ಲಿ ಏರುವ ನೀರನ್ನು ಹನ್ನೆರಡು ಪಾಲು ಮಾಡಬೇಕು. ಮೊದಲ ಗಂಟೆಗೆ ಒಂದು ಪಾಲು, ಆಮೇಲೆ ಎರಡು, ಮೂರು, ಮೂರು, ಎರಡು, ಕೊನೆಗೆ ಒಂದು. ಸ್ಕಿಪರ್ ಗ್ರಾಫ್ ಬರೆದು ನನಗೆ ಮೂರು ಸಲ ಹೇಳಿಕೊಟ್ಟ. ನಾನು ಮೂರು ಸಲವೂ ತಲೆ ಆಡಿಸಿದೆ. ಹೆಂಡತಿ ಒಂದೇ ಮಾತಿಗೆ ಮುಗಿಸಿದಳು: "ರೀ, ಬಸ್ ಸ್ಟ್ಯಾಂಡ್ ಬಿಡೋವಾಗ ಬಸ್ಸು ತೆವಳುತ್ತೆ. ಹೈವೇಲಿ ಓಡುತ್ತೆ. ಮುಂದಿನ ಸ್ಟ್ಯಾಂಡ್ ಹತ್ರ ಮತ್ತೆ ತೆವಳುತ್ತೆ. ಅಷ್ಟೇ ಅಲ್ವಾ?" ಅಷ್ಟೇ. ಹೈವೇ ಗಂಟೆಯಲ್ಲಿ ಮಾತ್ರ ನೀರು ಮೂರು ಮೀಟರ್ ಏರುತ್ತದೆ. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಎತ್ತರ ಮುಳುಗಿರುತ್ತದೆ. (ನನ್ನ ಸ್ನಾನ ಸ್ವಲ್ಪ ನಿಧಾನ, ಒಪ್ಪುತ್ತೇನೆ.)

ಆಲ್ಡರ್ನಿಗೂ ಫ್ರಾನ್ಸಿನ ನೆಲಕ್ಕೂ ನಡುವಿನ ಸಂದಿಯಲ್ಲಿ ಸೆಳವು 8 ನಾಟ್ (ಗಂಟೆಗೆ 8 ನಾಟಿಕಲ್ ಮೈಲಿ) ಮೀರಿ ಓಡುವುದುಂಟು. ನಮ್ಮ ಎಂಜಿನ್ ಎಲ್ಲ ದೇವರನ್ನೂ ನೆನೆದು ಕೊಡುವುದು 5. ಹೊತ್ತು ತಪ್ಪಿ ಹೋದರೆ ಮೂತಿ ಆಲ್ಡರ್ನಿ ಕಡೆ ಇರುತ್ತದೆ, ದೋಣಿ ಹಿಂದಕ್ಕೆ ಹೋಗುತ್ತಿರುತ್ತದೆ. ಇನ್ನು ಸೇಂಟ್ ಮಾಲೋದ ಒಂದು ದೋಣಿ ನಿಲ್ದಾಣದ (ಮರೀನಾ) ಬಾಯಿಗೆ ನೀರಿನ ಅಡಿಯಲ್ಲಿ ಗೋಡೆ ಕಟ್ಟಿದ್ದಾರೆ, ಇಳಿತದಲ್ಲಿ ಒಳಗಿನ ನೀರು ಖಾಲಿಯಾಗದಿರಲಿ ಅಂತ. ಸರಿಯಾಗಿ ಹೇಳಬೇಕೆಂದರೆ ಹೊಸ್ತಿಲು. ನೀರು ಸಾಕಷ್ಟು ಏರಿದಾಗ ಮಾತ್ರ ದಾಟಬೇಕು. ತಡ ಮಾಡಿದರೆ ದೋಣಿ ಹೊಸ್ತಿಲ ಮೇಲೆ ಕೂತುಬಿಡುತ್ತದೆ. ಹೊಸ್ತಿಲ ಮೇಲೆ ನಿಲ್ಲಬೇಡ್ರೋ ಅಂತ ಅಜ್ಜಿ ಬೈಯುತ್ತಿದ್ದದ್ದು ಇದಕ್ಕೇ ಇರಬೇಕು.

ರೇಡಿಯೋ ಬಳಸಲು ಲೈಸೆನ್ಸ್ ಬೇಕು, ಅದಕ್ಕೊಂದು ಪರೀಕ್ಷೆ. ಆಪತ್ತಿನಲ್ಲಿ 16ನೇ ಚಾನೆಲ್‌ನಲ್ಲಿ ಹೇಗೆ ಕೂಗಬೇಕು ಅಂತ ಕಲಿಸಿದರು. ಮೇಡೇ ಮೂರು ಸಲ, ದೋಣಿಯ ಹೆಸರು ಮೂರು ಸಲ. ಆಮೇಲೆ ಎಲ್ಲಿದ್ದೀರಿ, ಏನಾಗಿದೆ, ಏನು ಬೇಕು, ಎಷ್ಟು ಜನ. ಪಕ್ಕದ ಕುರ್ಚಿಯವರೆಲ್ಲ ಚೀಟಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು. ನನಗೆ ಇದು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಹೌದು, ಸಂಕಲ್ಪ! ಜಂಬೂದ್ವೀಪೇ ಭರತವರ್ಷೇ ಅಂತ ಮೊದಲು ಜಾಗ ಹೇಳಿ, ಹೆಸರು ಗೋತ್ರ ಹೇಳಿ, ಆಮೇಲೆ ತಾನೇ ಬೇಕಾದ್ದನ್ನು ಕೇಳುವುದು? ಅದೇ ರಾಗದಲ್ಲಿ ಒಂದೇ ಉಸಿರಿಗೆ ಒಪ್ಪಿಸಿದೆ. ಪರೀಕ್ಷಕರು ಪಾಸು ಮಾಡಿದರು. ಸ್ವಲ್ಪ ನಿಧಾನವಾಗಿ ಹೇಳಿ, ಕರಾವಳಿ ಕಾವಲಿನವರು ಬರೆದುಕೊಳ್ಳಬೇಕು ಅಂದರು.

ಯುಗಾದಿಗೆ ಎರಡು ದಿನ ಮುಂಚೆ ರಬ್ಬರ್ ದೋಣಿಯ ಪ್ರಸಂಗ ನಡೆಯಿತು. ಲಂಗರು ಹಾಕಿದ ಮೇಲೆ ದಡಕ್ಕೆ ಹೋಗಿ ಬರಲು ಗಾಳಿ ತುಂಬುವ ಚಿಕ್ಕ ದೋಣಿ ಬೇಕು. ಹಳೆಯದೊಂದು ಅಗ್ಗಕ್ಕೆ ಸಿಕ್ಕಿತ್ತು. ತೂತಿದೆಯಾ ನೋಡೋಣ ಅಂತ ನಮ್ಮ ಫ್ಲಾಟಿನ ಹಾಲ್‌ನಲ್ಲೇ ಕಾಲಿನ ಪಂಪ್ ಒತ್ತಿ ಗಾಳಿ ತುಂಬಿದೆ. ಎರಡೂಕಾಲು ಮೀಟರ್ ಉದ್ದದ್ದು ಉಬ್ಬಿ ಸೋಫಾವನ್ನು ಗೋಡೆಗೆ ಒತ್ತಿತು. ಟೀವಿ ಅರ್ಧ ಮರೆಯಾಯಿತು. ಸೋಪು ನೀರು ಬಳಿದು ಗುಳ್ಳೆ ಹುಡುಕಿದೆ. ಒಂದೂ ಇಲ್ಲ. ಖುಷಿಯಿಂದ ಗಾಳಿ ಬಿಡಲು ಹೋದರೆ ವಾಲ್ವ್ ಅಲುಗಲಿಲ್ಲ. ಎಷ್ಟೋ ವರ್ಷದ ಉಪ್ಪು ಹಿಡಿದಿತ್ತು. ಎಣ್ಣೆ ಬಿಟ್ಟೆ, ಬಿಸಿನೀರು ಹೊಯ್ದೆ, ಬೈದೆ. ಸೂಜಿ ಚುಚ್ಚಲೇ ಅಂದೆ. ಹೆಂಡತಿ ನನ್ನನ್ನು ನೋಡಿದ ರೀತಿಗೆ ಸೂಜಿ ಡಬ್ಬದೊಳಗೆ ವಾಪಸ್ ಹೋಯಿತು.

ಹಬ್ಬದ ದಿನ ಊಟಕ್ಕೆ ನಾಲ್ಕು ಕನ್ನಡ ಸಂಸಾರ ಬಂದವು. ಹಾಲ್‌ನಲ್ಲಿ ದೋಣಿ. ಮಕ್ಕಳು ಬಂದವರೇ ಚಪ್ಪಲಿ ಕಳಚಿ ಅದರೊಳಗೆ ಹತ್ತಿದರು, ಇಳಿಯಲಿಲ್ಲ. ಬೇವು ಬೆಲ್ಲ ಅಲ್ಲಿಗೇ ಹೋಯಿತು, ಹೋಳಿಗೆಯೂ ಅಲ್ಲಿಗೇ. ಜಾಗ ಸಾಲದೆ ದೊಡ್ಡವರೂ ಅಂಚಿನ ಮೇಲೆ ಕೂತರು. "ಸೋಫಾಕ್ಕಿಂತ ಇದೇ ಮೇಲು, ಎಲ್ಲಿ ತಗೊಂಡ್ರಿ?" ಅಂತ ಹಿರಿಯರೊಬ್ಬರು ತಟ್ಟೆ ಹಿಡಿದೇ ಕೇಳಿದರು. ಸಂಜೆ ಯಾರದೋ ಮಗು ವಾಲ್ವ್ ಹಿಡಿದು ಸುಮ್ನೆ ತಿರುಗಿಸಿತು. ಬುಸ್ ಅಂತ ಗಾಳಿ ಹೋಯಿತು. ಅಂಚಿನ ಮೇಲಿದ್ದ ಹಿರಿಯರು ಕಾಫಿ ಲೋಟದ ಸಮೇತ ನಿಧಾನವಾಗಿ ನೆಲಕ್ಕೆ ಇಳಿದರು. ಒಂದು ಹನಿ ಚೆಲ್ಲಲಿಲ್ಲ. ಅಷ್ಟು ನಾಜೂಕಾಗಿ ದೋಣಿಯಿಂದ ಇಳಿದವರನ್ನು ನಾನು ಇನ್ನೂ ನೋಡಿಲ್ಲ.

ವೀಸಾದ ಕಥೆ ಬೇರೆಯೇ. ಸ್ಕಿಪರ್‌ನದು ಬ್ರಿಟಿಷ್ ಪಾಸ್‌ಪೋರ್ಟ್. ಬ್ರೆಕ್ಸಿಟ್ ಆದ ಮೇಲೆ ಅವನಿಗೂ 180 ದಿನದಲ್ಲಿ 90 ದಿನದ ಮಿತಿ ಇದೆ, ಅದನ್ನು ಅವನು ದಿನಾ ಗೊಣಗುತ್ತಾನೆ. ನಮ್ಮದು ಭಾರತದ ಪಾಸ್‌ಪೋರ್ಟ್. ಗೊಣಗುವುದಕ್ಕೂ ಮೊದಲು ಷೆಂಗೆನ್ ವೀಸಾ ಬೇಕು, ಅಂದರೆ ಫ್ರಾನ್ಸ್ ಸೇರಿದ ಯುರೋಪಿನ ದೇಶಗಳ ಗುಂಪಿಗೆಲ್ಲ ಒಂದೇ ವೀಸಾ. ಕಿಟಕಿಯ ಹಿಂದಿನ ಹುಡುಗಿ ಬಹಳ ಒಳ್ಳೆಯವಳು. ಅವಳ ಕೈಲಿದ್ದ ಪಟ್ಟಿ ಮಾತ್ರ ವಿಮಾನದಲ್ಲಿ ಹೋಗುವವರದ್ದು.

"ಟಿಕೆಟ್?"

"ಇಲ್ಲ. ನಮ್ಮದೇ ದೋಣಿ."

"ಯಾವ ತಾರೀಖು ತಲುಪುತ್ತೀರಿ?"

"ಗಾಳಿ ನೋಡಿಕೊಂಡು."

ಅವಳ ಪೆನ್ನು ನಿಂತಿತು. "ಉಳಿಯುವ ಹೋಟೆಲ್?"

"ಅದೇ ದೋಣಿ."

"ಅದರ ವಿಳಾಸ?"

ಇದಕ್ಕೆ ಏನು ಹೇಳುವುದು? ನೀರಿನ ಮೇಲೆ ಅನ್ನಲೇ? ಕೊನೆಗೆ ಸೇಂಟ್ ಮಾಲೋದ ಮರೀನಾಕ್ಕೆ ಬರೆದು, 7.9 ಮೀಟರ್ ದೋಣಿಗೆ ಜಾಗ ಕಾದಿರಿಸಿದ್ದೇವೆ ಅಂತ ಅವರಿಂದ ಕಾಗದ ತರಿಸಿ ಕೊಟ್ಟೆ. ಬಿಸಿನೀರಿನ ಸ್ನಾನದ ಮನೆಯೂ ಇದೆ ಅಂತ ಅದರಲ್ಲಿ ಬರೆದಿದ್ದರು. ಅವಳಿಗೆ ಸಮಾಧಾನವಾಯಿತು. ನನಗೂ ಆಯಿತು.

ಇಷ್ಟರಲ್ಲಿ ಹೆಂಡತಿ ಸಾಮಾನಿನ ಪಟ್ಟಿ ಮಾಡುತ್ತ ಕೂತವಳು ತಟಕ್ಕನೆ ಎದ್ದು ಬಂದಳು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಬ್ರಿಟನ್ ಈಗ ಹೊರಗಿನದು. ಜರ್ಸಿಯೂ ಹೊರಗಿನದೇ. ಅಂದರೆ ತುಪ್ಪ ಇಲ್ಲ, ಬೆಣ್ಣೆ ಇಲ್ಲ, ಮೊಸರಿಲ್ಲ, ಹೆಪ್ಪು ಹಾಕಲು ಚಮಚ ಮಜ್ಜಿಗೆಯೂ ಇಲ್ಲ. ಬಿರುಗಾಳಿ, ಸೆಳವು, ಹಡಗುಗಳ ಸಾಲು ಯಾವುದಕ್ಕೂ ಹೆದರದಿದ್ದವಳು ಇದಕ್ಕೆ ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಗ್ಗೆ ಎದ್ದು ಒಣಮೆಣಸಿನಕಾಯಿ ಡಬ್ಬ ಕೆಳಗಿಳಿಸಿದಳು. ಉಗುರು ಬೆಚ್ಚಗಿನ ಹಾಲಿಗೆ ಮೆಣಸಿನಕಾಯಿ ತೊಟ್ಟು ಹಾಕಿಟ್ಟರೆ ಹೆಪ್ಪಿಲ್ಲದೆ ಮೊಸರಾಗುತ್ತದೆ, ಗೊತ್ತಲ್ಲ. ಹಾಲು ಫ್ರಾನ್ಸಿನದು, ತೊಟ್ಟು ಬ್ಯಾಡಗಿಯದು. ತೊಟ್ಟು ಹಾಲಿನ ಪದಾರ್ಥವಲ್ಲ. ನಮ್ಮ ಮನೆಯಲ್ಲಿ ವಕೀಲರು ಯಾರೂ ಇಲ್ಲ, ಆದರೂ ಈ ವಾದದಲ್ಲಿ ನನಗೆ ತೂತು ಕಾಣಲಿಲ್ಲ.

ಮೇ ತಿಂಗಳಲ್ಲಿ ಪಾಸ್‌ಪೋರ್ಟ್ ವಾಪಸ್ ಬಂತು. ವೀಸಾ ಸಿಕ್ಕಿತ್ತು. ಮೂವರೂ ಅದೇ ಮೇಜಿನ ಸುತ್ತ ಕೂತು ಚೀಟಿ ಓದಿದೆವು. ಇರುವ ಅವಧಿ 30 ದಿನ. ಪ್ರವೇಶ ಎಷ್ಟು ಸಲ ಅನ್ನುವ ಕಡೆ 01.

ಸ್ಕಿಪರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. 01 ಹಾಗೇ ಇತ್ತು. ಶೆರ್ಬೂರ್‌ಗೆ ಕಾಲಿಟ್ಟರೆ ಆ ಒಂದು ಸಲ ಮುಗಿಯಿತು. ದ್ವೀಪಗಳಿಗೆ ಹೋದೆವು ಅಂದರೆ ಷೆಂಗೆನ್‌ನಿಂದ ಹೊರಗೆ ಬಿದ್ದೆವು. ಆಮೇಲೆ ಸೇಂಟ್ ಮಾಲೋದಲ್ಲಿ ಸ್ಕಿಪರ್ ಮಾತ್ರ ಇಳಿದು ತಿರುಗಾಡಬಹುದು, ನಾವಿಬ್ಬರು ದೋಣಿಯಲ್ಲೇ ಕೂತು ಬಿಸಿನೀರಿನ ಸ್ನಾನದ ಮನೆಯನ್ನು ದೂರದಿಂದ ನೋಡಬಹುದು. ಜನವರಿಯಿಂದ ತಿದ್ದಿ ತೀಡಿದ ದಾರಿ ಒಂದು ಸೊನ್ನೆ, ಒಂದು ಒಂದರಲ್ಲಿ ಮುಗಿದು ಹೋಯಿತು.

ಹೆಂಡತಿ ಚಟ್ನಿಪುಡಿ ಡಬ್ಬ ಸರಿಸಿ ಚಾರ್ಟನ್ನು ತನ್ನ ಕಡೆ ತಿರುಗಿಸಿಕೊಂಡಳು. "ಉಲ್ಟಾ ಹೋಗೋಣ" ಅಂದಳು. ಷೆಂಗೆನ್ ವೀಸಾ ಬೇಡದ ದ್ವೀಪಗಳು ಮೊದಲು. ಗರ್ನ್‌ಸಿ, ಜರ್ಸಿ ನಿಧಾನವಾಗಿ. ಆಮೇಲೆ ಸೇಂಟ್ ಮಾಲೋದಲ್ಲಿ ಒಂದೇ ಸಲ ಒಳಗೆ ಹೋಗಿ, 30 ದಿನ ಬ್ರಿಟನಿ ಸುತ್ತಿ, ಶೆರ್ಬೂರ್‌ನಲ್ಲಿ ಹೊರಗೆ ಬಿದ್ದು ಸೀದಾ ಮನೆಗೆ. ಸ್ಕಿಪರ್ ಐದು ನಿಮಿಷ ಚಾರ್ಟ್ ನೋಡಿದ. ಮಾತಾಡದೆ ರಬ್ಬರ್ ತಗೊಂಡು ಎಲ್ಲ ಗೆರೆ ಅಳಿಸಿದ. ಉಬ್ಬರ ಇಳಿತದ ಪುಸ್ತಕ ಮತ್ತೆ ಮೊದಲ ಪುಟದಿಂದ ಬಿಚ್ಚಿಕೊಂಡಿತು.

ರಾತ್ರಿ ಹನ್ನೊಂದಕ್ಕೆ ಹೊಸ ಯೋಜನೆ ತಯಾರಾಯಿತು. ಪ್ರತಿ ಬಂದರಿನ ಮುಂದೆ ಸ್ಕಿಪರ್ ಪುಟ್ಟ ಅಕ್ಷರದಲ್ಲಿ ನೀರಿನ ಹೊತ್ತು, ಸೆಳವಿನ ದಿಕ್ಕು ಬರೆದಿದ್ದ. ಸೇಂಟ್ ಮಾಲೋ ಪಕ್ಕದಲ್ಲಿ ಹೆಂಡತಿ ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಒಂದು ಸಾಲು ಸೇರಿಸಿದ್ದಳು. ಅವನು ಅದರ ಮೇಲೆ ಬೆರಳಿಟ್ಟು, ಇದು ಯಾವ ಎಚ್ಚರಿಕೆ, ಬಂಡೆಯೇನಾದರೂ ಇದೆಯೇ ಅಂತ ಗಾಬರಿಯಿಂದ ಕೇಳಿದ.

"ಹೊಸ್ತಿಲು ದಾಟುವ ಮೊದಲು ಜರ್ಸಿ ಮೊಸರು ಖಾಲಿ ಮಾಡುವುದು" ಅಂತ ಅನುವಾದ ಮಾಡಿದೆ.

ಅವನು ನಗಲಿಲ್ಲ. ತಲೆದೂಗಿ, ಅದರ ಮುಂದೆ ನೀಟಾಗಿ 'ಉಬ್ಬರಕ್ಕೆ 3 ಗಂಟೆ ಮುಂಚೆ' ಅಂತ ಸೇರಿಸಿದ. ಆಮೇಲೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಅವಳನ್ನೇ ಕೇಳಿದ, ಮೂರು ಜನಕ್ಕೆ ಒಟ್ಟು ಎಷ್ಟು ಲೀಟರ್ ಅಂತ.

"ಗಾಳಿ ನೋಡ್ಕೊಂಡು ಹೇಳ್ತೀನಿ" ಅಂದಳು.