ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿಗೂ ನೋವಾಗುತ್ತದೆ: ಒಂದು ಸ್ಪಷ್ಟನೆ

ಡೊಂಬಿವಲಿ, ಮುಲುಂಡ್ ಕಡೆಯ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. 'ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ ನೋವು ಗೊತ್ತಾಗುವುದಿಲ್ಲ. ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗ ತಾಯಿ ಮುಟ್ಟಬಾರದು, ಸೋಂಕು ತಗಲುತ್ತದೆ' ಅಂತ. ಎರಡೂ ತಪ್ಪು.

ಮೊದಲನೆಯದು ಹಳೆಯ ನಂಬಿಕೆ. 1980ರ ದಶಕದವರೆಗೂ ಎಷ್ಟೋ ಡಾಕ್ಟರುಗಳೇ ಹಾಗೆ ತಿಳಿದಿದ್ದರು. ಎಳೆ ಶಿಶುಗಳಿಗೆ ಸರಿಯಾದ ಅರಿವಳಿಕೆ ಇಲ್ಲದೆ ಆಪರೇಷನ್ ಕೂಡ ನಡೆಯುತ್ತಿತ್ತು! ಇಂದೋರ್‌ನಲ್ಲಿ ಓದಿದ ಡಾಕ್ಟರ್ ಕನ್ವಲ್‌ಜೀತ್ ಆನಂದ್ ಆಕ್ಸ್‌ಫರ್ಡ್‌ನಲ್ಲಿ ನಡೆಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಅದರಲ್ಲಿ ನೋವು ತಡೆಯುವ ಮದ್ದು ಸಿಕ್ಕ ಶಿಶುಗಳಿಗೆ ಆಪರೇಷನ್ ನಂತರದ ತೊಂದರೆ ಕಡಿಮೆ ಇತ್ತು. ಮಗು ಜೋರಾಗಿ ಅಳಲಿಲ್ಲ ಅಂದರೆ ನೋವಿಲ್ಲ ಅಂತಲ್ಲ. ಅಳುವ ಶಕ್ತಿಯೇ ಕೆಲವಕ್ಕೆ ಇರುವುದಿಲ್ಲ. ಆದರೆ ನೋವಾದಾಗ ಹುಬ್ಬು ಗಂಟಿಕ್ಕುತ್ತದೆ, ಎದೆಬಡಿತ ಏರುತ್ತದೆ, ರಕ್ತದ ಆಮ್ಲಜನಕ ಇಳಿಯುತ್ತದೆ.

ಇನ್ನು ತಾಯಿಯ ವಿಷಯ. ಡಾಕ್ಟರ್ ಒಪ್ಪಿದರೆ, ತಾಯಿ ಕೈ ಚೆನ್ನಾಗಿ ತೊಳೆದು, ಮಗುವನ್ನು ಚರ್ಮಕ್ಕೆ ಚರ್ಮ ತಾಗುವಂತೆ ಎದೆಗೆ ಒರಗಿಸಿಕೊಂಡಿರುವಾಗಲೇ ನರ್ಸ್ ಹಿಮ್ಮಡಿ ಚುಚ್ಚಬಹುದು. ನೋವು ಕಡಿಮೆಯಾಗುತ್ತದೆ. ಈ ಕಾಂಗರೂ ಆರೈಕೆ ಸೋಂಕನ್ನೂ ತಗ್ಗಿಸುತ್ತದೆ. ಅದು ಆಗದಿದ್ದರೆ ಮಗುವಿನ ಕೈಕಾಲು ಮಡಚಿ, ಅಂಗೈಯಲ್ಲಿ ಮೃದುವಾಗಿ ಹಿಡಿದುಕೊಂಡರೂ ಸಾಕು. ಬಾಯಿಗೆ ಕೆಲವು ಹನಿ ಎದೆಹಾಲು ಕೂಡ ನೆರವಾಗುತ್ತದೆ. (ಏಷ್ಯಾದ ಮೊದಲ ಎದೆಹಾಲು ಬ್ಯಾಂಕ್ 1989ರಲ್ಲಿ ಶುರುವಾದದ್ದು ನಮ್ಮ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲೇ, ಗೊತ್ತಲ್ವಾ?)

ಕೆಲವು ಕಡೆ ನರ್ಸ್ ನಾಲಿಗೆಗೆ ಸಕ್ಕರೆ ದ್ರಾವಣ ಹಾಕುತ್ತಾರೆ. ಅದು ನೋವು ತಗ್ಗಿಸಲು ಅಳತೆ ನೋಡಿ ಕೊಡುವ ಮದ್ದು. ಮನೆಯಿಂದ ಸಕ್ಕರೆ ನೀರು, ಜೇನು ಖಂಡಿತ ಒಯ್ಯಬೇಡಿ. ಮುಂದಿನ ಸಲ ರಕ್ತ ತೆಗೆಯುವ ಮೊದಲೇ ನರ್ಸ್‌ಗೆ ಕೇಳಿ, 'ನಾನು ಹಿಡಿದುಕೊಳ್ಳಬಹುದಾ?'